ಮೂರು ಕ್ಯಾಲೆಂಡರು, ಒಂದು ಹಾಯಿದೋಣಿ

ಗೋಣಿಬೀಡಿನವರಾದ ನಮಗೆ ಕಡಲು ಬಹಳ ದೂರದ್ದೇನಲ್ಲ. ಬೆಳಿಗ್ಗೆ ಹೊರಟು ಮೂಡಿಗೆರೆ ದಾಟಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿ ಇಳಿದರೆ ಮಧ್ಯಾಹ್ನದ ಹೊತ್ತಿಗೆ ಅಲೆಯ ಸದ್ದು ಕೇಳಿಸುತ್ತದೆ. ಆದರೂ ಮಲೆನಾಡಿನವರಿಗೆ ಕಡಲಿನ ಪರಿಚಯ ಹೆಚ್ಚಾಗಿ ಮಳೆಯ ಮೂಲಕವೇ. ಜೂನ್ ಬಂತೆಂದರೆ ಅರಬ್ಬಿ ಸಮುದ್ರದಿಂದ ಎದ್ದ ಮೋಡ ನಮ್ಮ ಹೆಂಚಿನ ಮೇಲೆ ಸುರಿಯುತ್ತದೆ. ಸುರಿದ ನೀರು ಮಾತ್ರ ಬಂದ ದಾರಿಯಲ್ಲಿ ವಾಪಸು ಹೋಗುವುದಿಲ್ಲ. ನಮ್ಮ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿಯನ್ನು ಸೇರಿ, ಮುಂದೆ ಕಾವೇರಿಯ ಜೊತೆಯಾಗಿ, ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದು ಕಡಲಿನಿಂದ ಪಡೆದು ಇನ್ನೊಂದು ಕಡಲಿಗೆ ಕೊಡುವ ಸೀಮೆ ನಮ್ಮದು. ಇಷ್ಟಿದ್ದೂ ಎಪ್ಪತ್ತು ವರ್ಷ ತುಂಬುವ ತನಕ ನಾನು ಒಂದು ದೋಣಿ ಹತ್ತಿರಲಿಲ್ಲ.

ಅಮೆರಿಕದಲ್ಲಿರುವ ಚಿಕ್ಕ ಮಗ ಈ ಜುಲೈನಲ್ಲಿ ರಜೆ ಮುಗಿಸಿ ಹೊರಡುವ ಹಿಂದಿನ ರಾತ್ರಿ ಹೇಳಿದ: “ಅಮ್ಮ, ನಿನಗೆ ಎಪ್ಪತ್ತು ತುಂಬಿತಲ್ಲ, ಎಲ್ಲರೂ ಸೇರಿ ಕೆರಿಬಿಯನ್ ದ್ವೀಪಗಳಿಗೆ ಹೋಗೋಣ. ಒಂದು ಹಾಯಿದೋಣಿ ಬಾಡಿಗೆಗೆ ತಗೊಂಡು ಒಂದು ವಾರ ಅದರಲ್ಲೇ ಇರೋಣ.”

“ಅದರಲ್ಲೇ ಅಂದರೆ? ಊಟ, ನಿದ್ದೆ, ಸ್ನಾನ?”

“ಎಲ್ಲ ಅದರಲ್ಲೇ.”

ಮನೆಯವರು ನಕ್ಕರು. “ಇಷ್ಟು ದೊಡ್ಡ ಮನೆ ಇಟ್ಟುಕೊಂಡು ಅಷ್ಟು ದೂರ ಹೋಗಿ ದೋಣಿಯಲ್ಲಿ ಮಲಗಬೇಕಾ?” ಎಂದರು. ಮಗ ನಗಲಿಲ್ಲ. “ಮನೆಗೆ ಬಂದರೆ ನೀವು ತೋಟದಲ್ಲಿ, ಅಮ್ಮ ಅಡಿಗೆಮನೆಯಲ್ಲಿ, ನಾನು ಲ್ಯಾಪ್‌ಟಾಪ್ ಮುಂದೆ. ಹತ್ತು ದಿನ ಮುಗಿದು ಹೋಗುತ್ತೆ ಅಪ್ಪ. ದೋಣಿಯಲ್ಲಾದರೆ ಯಾರೂ ಎದ್ದು ಹೋಗೋಕಾಗಲ್ಲ,” ಎಂದ.

ಆ ಮಾತು ನನ್ನ ಮನಸ್ಸಿನಲ್ಲಿ ಕೂತಿತು. ಅವನ ಮಕ್ಕಳಿಬ್ಬರೂ ಪ್ರತಿ ವರ್ಷ ಬರುವುದು ಅವರ ಬೇಸಿಗೆ ರಜೆಯಲ್ಲಿ. ಅದು ನಮಗೆ ಜಡಿಮಳೆಯ ಕಾಲ. ಪಾಪ, ಅವರಿಗೆ ಅಜ್ಜನ ಊರೆಂದರೆ ಇಂಬಳ, ಕತ್ತಲೆ, ಹೋದ ಕರೆಂಟು, ಒಣಗದ ಬಟ್ಟೆ. ಕಾಫಿ ಹೂವಿನ ವಾಸನೆಯನ್ನು ಅವರು ಒಮ್ಮೆಯೂ ಕಂಡಿಲ್ಲ.

ಹೀಗೆ ಯೋಜನೆ ಶುರುವಾಯಿತು. ಲೆಕ್ಕ ಬರೆಯುವ ಕೆಲಸ ನಮ್ಮ ಜೊತೆಗಿರುವ ದೊಡ್ಡ ಮಗನ ಮಗಳದು. ಏಳನೇ ತರಗತಿ. ನಾವು ಪುಟ್ಟಿ ಎಂದು ಕರೆಯುತ್ತೇವೆ. ನೂರು ಪುಟದ ನೋಟ್‌ಬುಕ್ ತಂದು ಮೊದಲ ಪುಟದಲ್ಲಿ ಹಾಯಿದೋಣಿಯ ಚಿತ್ರ ಬರೆದಳು. ಎರಡನೇ ಪುಟದಲ್ಲಿ ಪ್ರಶ್ನೆ ಒಂದು: “ಎಲ್ಲಿಗೆ?”

ಇದಕ್ಕೆ ಉತ್ತರ ಗೊತ್ತಿದ್ದವರು ಅವಳ ಅಜ್ಜ. ಕೆರಿಬಿಯನ್ ಎಂದರೆ ಅವರಿಗೆ ಕ್ರಿಕೆಟ್ಟು. 1974ರ ನವೆಂಬರಿನಲ್ಲಿ, ಈಗ ಚಿನ್ನಸ್ವಾಮಿ ಕ್ರೀಡಾಂಗಣ ಎನ್ನುವ ಬೆಂಗಳೂರಿನ ಮೈದಾನದಲ್ಲಿ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದಾಗ ಎದುರಾಳಿ ವೆಸ್ಟ್ ಇಂಡೀಸ್. ವಿವಿಯನ್ ರಿಚರ್ಡ್ಸ್ ಮತ್ತು ಗಾರ್ಡನ್ ಗ್ರೀನಿಜ್ ಇಬ್ಬರಿಗೂ ಅದೇ ಮೊದಲ ಟೆಸ್ಟು. ಅದನ್ನು ಟ್ರಾನ್ಸಿಸ್ಟರ್‌ನಲ್ಲಿ ಕೇಳಿದ್ದನ್ನು ಇವರು ಇವತ್ತಿಗೂ ನಿನ್ನೆಯ ಹಾಗೆ ಹೇಳುತ್ತಾರೆ. “ರಿಚರ್ಡ್ಸ್ ಆಂಟಿಗುವಾ, ಗ್ರೀನಿಜ್ ಬಾರ್ಬಡೋಸ್, ಲಾಯ್ಡ್ ಗಯಾನಾ,” ಎಂದು ಬೆರಳು ಮಡಿಚುತ್ತಾ ಹೋದರು. ಆಗ ಪುಟ್ಟಿಗೆ ಹೊಳೆಯಿತು. ವೆಸ್ಟ್ ಇಂಡೀಸ್ ಎನ್ನುವ ಒಂದು ದೇಶವೇ ಇಲ್ಲ. ತಂಡ ಒಂದು, ದೇಶಗಳು ಹಲವು.

ಹೆಸರಿನ ಕಥೆಯೂ ತಮಾಷೆಯದು. 1492ರಲ್ಲಿ ಭಾರತ, ಚೀನಾಗಳ ಕಡೆಗೆಂದು ಪಶ್ಚಿಮಕ್ಕೆ ಹೊರಟ ಕೊಲಂಬಸ್ ಆ ದ್ವೀಪಗಳನ್ನು ಮುಟ್ಟಿ, ಅದೇ ಇಂಡೀಸ್ ಎಂದುಕೊಂಡ. ಹೆಸರು ಹಾಗೇ ಉಳಿಯಿತು. ಮುಂದೆ ನಮ್ಮವರು ನಿಜವಾಗಿ ಅಲ್ಲಿಗೆ ಹೋದರು, ಆದರೆ ರಜೆಗಲ್ಲ. 1838ರಲ್ಲಿ ಗಯಾನಾಕ್ಕೆ, 1845ರ ಮೇ 30ರಂದು ಟ್ರಿನಿಡಾಡ್‌ಗೆ ಭಾರತದ ಕೂಲಿಯಾಳುಗಳನ್ನು ಹೊತ್ತ ಮೊದಲ ಹಡಗುಗಳು ತಲುಪಿದವು. ಟ್ರಿನಿಡಾಡ್‌ಗೆ ಹೋದ ಹಡಗು ಕಲ್ಕತ್ತೆಯಿಂದ ಮೂರು ತಿಂಗಳಿಗೂ ಹೆಚ್ಚು ಕಾಲ ತೇಲಿತ್ತು. ಕಬ್ಬಿನ ತೋಟಗಳಲ್ಲಿ ದುಡಿದು ಅಲ್ಲೇ ನಿಂತವರ ವಂಶದಲ್ಲೇ ರೋಹನ್ ಕನ್ಹಾಯ್, ಕಾಳಿಚರಣ್, ಚಂದ್ರಪಾಲ್ ಹುಟ್ಟಿದ್ದು. ನಾವು ವಿಹಾರಕ್ಕೆ ಹೋಗಬೇಕೆಂದಿರುವ ನೀರಿನಲ್ಲಿ ಒಂದು ಕಾಲಕ್ಕೆ ಜನ ಹೀಗೂ ಹೋಗಿದ್ದರು ಎಂದು ಪುಟ್ಟಿಗೆ ಹೇಳಿದೆ. ಅವಳು ಅದಕ್ಕೆ ಬೇರೆ ಪುಟ ತೆಗೆದಳು.

ಮಗ ಆರಿಸಿದ್ದು ಬ್ರಿಟಿಷ್ ವರ್ಜಿನ್ ದ್ವೀಪಗಳನ್ನು. ಸಣ್ಣದು ದೊಡ್ಡದು ಸೇರಿ ಸುಮಾರು ಅರವತ್ತು ದ್ವೀಪ. ಟೊರ್ಟೊಲಾ ಎನ್ನುವುದು ದೊಡ್ಡದು. ಎರಡೂ ಕಡೆ ದ್ವೀಪಗಳ ಸಾಲು, ನಡುವೆ ಓಣಿಯಂಥ ಕಡಲು. ದೊಡ್ಡ ಅಲೆಗೆ ದ್ವೀಪಗಳೇ ತಡೆ. ಒಂದು ದ್ವೀಪ ಬಿಟ್ಟರೆ ಮುಂದಿನದು ಕಣ್ಣಿಗೆ ಕಾಣುತ್ತಿರುತ್ತದೆ. ಹೊಸಬರು ಅಲ್ಲಿಗೇ ಹೋಗುವುದು ಅದಕ್ಕೆ.

ಮುಂದಿನ ಪ್ರಶ್ನೆ: “ದೋಣಿ ನಡೆಸುವವರು ಯಾರು?” ಬಾಡಿಗೆಯಲ್ಲಿ ಮೂರು ಬಗೆ. ಒಂದು, ಬರೀ ದೋಣಿ ಕೊಡುತ್ತಾರೆ, ನಾವೇ ನಡೆಸಬೇಕು. ಅದಕ್ಕೆ ಹಾಯಿ ನಡೆಸಿದ ಅನುಭವ ತೋರಿಸಬೇಕು. ಎರಡು, ದೋಣಿಯ ಜೊತೆ ಒಬ್ಬ ನಾವಿಕ ಬರುತ್ತಾನೆ. ಮೂರು, ನಾವಿಕನ ಜೊತೆ ಅಡಿಗೆಯವರೂ ಬರುತ್ತಾರೆ. ನಮ್ಮ ಮನೆಯಲ್ಲಿ ಯಾರಿಗೂ ಹಾಯಿ ಕಟ್ಟಲು ಬಾರದು. ಅಡಿಗೆ ನನಗೆ ಬರುತ್ತದೆ. ಹಾಗಾಗಿ ಎರಡನೆಯದು ಎಂದು ಬರೆದುಕೊಂಡೆವು. ನಾವಿಕ ಹೆಂಗಸೂ ಆಗಬಹುದು ಎಂದು ಪುಟ್ಟಿ ತಿದ್ದಿದಳು. ಗೋವಾದಲ್ಲಿ ಕಟ್ಟಿದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ನಮ್ಮ ನೌಕಾಪಡೆಯ ಆರು ಮಂದಿ ಮಹಿಳೆಯರು 2017ರ ಸೆಪ್ಟೆಂಬರಿನಲ್ಲಿ ಹೊರಟು 2018ರ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದದ್ದನ್ನು ಶಾಲೆಯಲ್ಲಿ ಓದಿದ್ದಳಂತೆ.

ದೋಣಿಯ ಜಾತಿ ಕ್ಯಾಟಮರಾನ್. ಎರಡು ಉದ್ದನೆಯ ತಳಗಳನ್ನು ಜೋಡಿಸಿ ಮೇಲೆ ಅಂಗಳದಂತೆ ಹಲಗೆ ಹಾಸಿರುತ್ತಾರೆ. ಒಂದೇ ತಳದ ದೋಣಿಯಷ್ಟು ವಾಲುವುದಿಲ್ಲ, ಮುದುಕರಿಗೆ ಅನುಕೂಲ. ಹೆಸರು ಬಂದದ್ದು ತಮಿಳಿನ ‘ಕಟ್ಟುಮರಂ’ನಿಂದ. ಕಟ್ಟಿದ ಮರ. ಕನ್ನಡದವರಿಗೂ ಅರ್ಥ ಹೇಳಬೇಕಾಗಿಲ್ಲ. ಕೋರಮಂಡಲದ ಬೆಸ್ತರ ಮಾತು ಭೂಮಿಯ ಆಚೆ ಬದಿಯ ಬಾಡಿಗೆ ದೋಣಿಯ ಮೇಲೆ ಕೂತಿದೆ.

ವೇಗ ಕೇಳಿ ಅಜ್ಜ ಖುಷಿಪಟ್ಟರು. ಕಡಲಿನಲ್ಲಿ ವೇಗವನ್ನು ನಾಟ್ ಎಂದು ಅಳೆಯುತ್ತಾರೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು. ಒಳ್ಳೆಯ ಗಾಳಿಯಲ್ಲಿ ಇಂಥ ದೋಣಿ ಆರೇಳು ನಾಟ್ ಹೋದೀತು. ಪುಟ್ಟಿ ಗುಣಿಸಿ ನೋಡಿದಳು, ಸುಮಾರು 12 ಕಿಲೋಮೀಟರು. “ನನ್ನ ಸೈಕಲ್ಲಿನಷ್ಟೇ ಅಜ್ಜಿ!” ರಾತ್ರಿ ಹೊತ್ತು ನಡೆಸುವಂತೆಯೂ ಇಲ್ಲ. ಕತ್ತಲಾಗುವ ಮುಂಚೆ ಯಾವುದಾದರೂ ಕೊಲ್ಲಿಯಲ್ಲಿ ಲಂಗರು ಹಾಕಿ ಮಲಗಬೇಕು. ಕುಡಿಯುವ, ತೊಳೆಯುವ ಸಿಹಿನೀರು ತೊಟ್ಟಿಯಲ್ಲಿ ಇರುವಷ್ಟೇ. ಸುತ್ತ ಸಮುದ್ರವಿದ್ದರೂ ಲೋಟದ ಲೆಕ್ಕದಲ್ಲಿ ಬಳಸಬೇಕು. ಏಪ್ರಿಲ್‌ನಲ್ಲಿ ಬಾವಿ ತಳ ಕಂಡಾಗ ನಾವು ಮಾಡುವುದೂ ಅದೇ ಅಲ್ಲವೇ?

ಇಷ್ಟರವರೆಗೆ ಸಲೀಸು. ತೊಡಕು ಬಂದದ್ದು “ಯಾವಾಗ?” ಎನ್ನುವ ಪುಟದಲ್ಲಿ.

ಆ ದ್ವೀಪಗಳ ಮೇಲೆ ವರ್ಷದ ಹೆಚ್ಚು ಭಾಗ ಪೂರ್ವದಿಂದ ಬೀಸುವ ಗಾಳಿ ಇದೆ. ಭೂಗೋಳದ ಪುಸ್ತಕದಲ್ಲಿ ವಾಣಿಜ್ಯ ಮಾರುತ ಎನ್ನುತ್ತಾರೆ. ಹಿಂದೆ ಹಾಯಿಹಡಗುಗಳು ಯೂರೋಪಿನಿಂದ ಆ ಕಡೆಗೆ ಹೋದದ್ದು ಅದೇ ಗಾಳಿಯ ಬಲದಿಂದ. ಡಿಸೆಂಬರ್‌ನಿಂದ ಮೇ ತನಕ ಅದು ಹದವಾಗಿರುತ್ತದೆ. ಆದರೆ ಜೂನ್ 1ರಿಂದ ನವೆಂಬರ್ 30ರ ತನಕ ಚಂಡಮಾರುತದ ಕಾಲ. ‘ಹರಿಕೇನ್’ ಎಂಬ ಮಾತೇ ಆ ದ್ವೀಪಗಳ ಮೂಲ ನಿವಾಸಿಗಳಾದ ಟೈನೋ ಜನರದು. 2017ರ ಸೆಪ್ಟೆಂಬರ್ 6ರಂದು ಇರ್ಮಾ ಎಂಬ ಚಂಡಮಾರುತ ಇದೇ ವರ್ಜಿನ್ ದ್ವೀಪಗಳ ಮೇಲೆ ಹಾದು ಮನೆಗಳ ಸೂರು ಕಿತ್ತು, ಬಂದರಿನಲ್ಲಿ ಕಟ್ಟಿದ್ದ ದೋಣಿಗಳನ್ನು ಒಂದರ ಮೇಲೊಂದು ಪೇರಿಸಿ ಹೋಯಿತು. ಆ ಚಿತ್ರ ನೋಡಿ ಅಜ್ಜ ಸುಮ್ಮನಾದರು. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಮುಚ್ಚಿದ್ದನ್ನು ಕಂಡವರು ನಾವು. ಗುಡ್ಡ ಜಾರುವುದು ಏನೆಂದು ಗೊತ್ತಿದ್ದವರಿಗೆ ದೋಣಿ ಪೇರಿಸುವ ಗಾಳಿಯನ್ನು ವಿವರಿಸಬೇಕಾಗಿಲ್ಲ.

ಪುಟ್ಟಿ ಉದ್ದಕ್ಕೆ ಹನ್ನೆರಡು ಮನೆ ಹಾಕಿ, ಮೂರು ಸಾಲು ಬರೆದಳು. ಮೊದಲ ಸಾಲು ಆ ಕಡಲಿನದು: ಡಿಸೆಂಬರ್‌ನಿಂದ ಮೇ ಹಸಿರು, ಉಳಿದದ್ದು ಕೆಂಪು. ಎರಡನೆಯದು ಅಮೆರಿಕದ ಅಣ್ಣ ತಂಗಿಯರ ಶಾಲೆಯದು: ಉದ್ದದ ರಜೆ ಜೂನ್ ನಡುವಿನಿಂದ ಆಗಸ್ಟ್. ಆಗ ಕಡಲು ಕೆಂಪು. ಡಿಸೆಂಬರ್ ಕೊನೆಗೆ ಹತ್ತು ಹನ್ನೆರಡು ದಿನ, ವಸಂತದಲ್ಲಿ ಒಂದು ವಾರ. ಮೂರನೆಯದು ನಮ್ಮದು. ನವೆಂಬರ್ ಕೊನೆಗೆ ಅರೇಬಿಕಾ ಹಣ್ಣು ಬಿಡಿಸಲು ಶುರು. ಅದು ಮುಗಿಯುತ್ತಿದ್ದಂತೆ ರೊಬಸ್ಟಾ. ಕಣದಲ್ಲಿ ಕಾಫಿ ಒಣಗುವಾಗಲೇ ಮೆಣಸು. ಆಮೇಲೆ ಹೂಮಳೆಗೆ ಕಾಯುವುದು. ಜೂನ್‌ನಿಂದ ಮಳೆ, ಕೊಳೆರೋಗದ ಚಿಂತೆ.

ಡಿಸೆಂಬರ್ ಕೊನೆ ಅಲ್ಲಿಗೆ ಬಹಳ ಚಂದ. ಬಾಡಿಗೆ ಅತಿ ಹೆಚ್ಚಿರುವುದೂ ಆಗಲೇ. ಆದರೆ ಗಿಡದಲ್ಲಿ ಹಣ್ಣು ಕೆಂಪಗಿರುವಾಗ ತೋಟ ಬಿಟ್ಟು ಯಾರು ಹೊರಡುತ್ತಾರೆ? ಮೂರು ಸಾಲೂ ಒಟ್ಟಿಗೆ ಹಸಿರಾಗಿದ್ದು ಒಂದೇ ಕಡೆ. ಏಪ್ರಿಲ್ ನಡುವಿನ ಒಂದು ವಾರ. ಅಷ್ಟರಲ್ಲಿ ಪುಟ್ಟಿಗೂ ಬೇಸಿಗೆ ರಜೆ ಶುರುವಾಗಿರುತ್ತದೆ.

ಐವತ್ತೆರಡು ವಾರಗಳಲ್ಲಿ ಒಂದು. ನಮ್ಮ ಕುಟುಂಬ ಒಟ್ಟಿಗೆ ಕೂರಲು ಇರುವುದು ಇಷ್ಟೇ ಎಂದು ಕಾಗದದ ಮೇಲೆ ಕಂಡಾಗ ಎದೆ ಸ್ವಲ್ಪ ಭಾರವಾಯಿತು.

ಮನೆಯವರ ಎದೆಯ ಮಾತೂ ಇತ್ತು. ಎರಡು ವರ್ಷದ ಹಿಂದೆ ಅವರಿಗೆ ಸ್ಟೆಂಟ್ ಹಾಕಿಸಿದೆ. “ನನಗೆ ಬೇಡ ಮಾರಾಯ್ತಿ. ನೀರಿನ ಮಧ್ಯ ಏನಾದರೂ ಆದರೆ ಎಲ್ಲರಿಗೂ ತೊಂದರೆ. ನೀನು ಹೋಗಿ ಬಾ,” ಎಂದರು. ನಾನು ಒಬ್ಬಳೇ ಹೋಗಿ ಮಾಡುವುದೇನು? ಮಗನಿಗೆ ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ವೈದ್ಯರು ಹೇಳಿದ್ದು ಬೇರೆ. ಜನವರಿಯಲ್ಲಿ ಪರೀಕ್ಷೆ ಮಾಡಿಸಿ, ಎಲ್ಲ ಸರಿಯಿದ್ದರೆ ಹೋಗಬಹುದು. ಮಾತ್ರೆ ಎರಡು ಕಡೆ ಹಂಚಿ ಇಟ್ಟುಕೊಳ್ಳಬೇಕು. ವಿಮಾನದಲ್ಲಿ ಆಗಾಗ ಎದ್ದು ಓಡಾಡಬೇಕು. ಆಸ್ಪತ್ರೆಯಿರುವ ದ್ವೀಪದಿಂದ ಬಹಳ ದೂರ ಹೋಗಬಾರದು. ಪುಟ್ಟಿ ಇದನ್ನೂ ಬರೆದಳು. ಆದರೆ ಅಜ್ಜನ ‘ಬೇಡ’ ಮಾತ್ರ ಹಾಗೇ ಇತ್ತು.

“ಮೊದಲು ಇಲ್ಲಿ ತಾಲೀಮು ಮಾಡೋಣ. ಮಲ್ಪೆಯಲ್ಲಿ ದ್ವೀಪ ಇಲ್ವಾ?” ಎಂದಳು ಅವಳೇ.

ದಸರಾ ರಜೆಯಲ್ಲಿ ಹೊರಟೆವು. ಮಲ್ಪೆಯ ಕಡಲಿಗೂ ಕ್ಯಾಲೆಂಡರಿದೆ. ಮಳೆಗಾಲ ಶುರುವಾಯಿತೆಂದರೆ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ನಿಲ್ಲುತ್ತವೆ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಗಾಳಿ ಇಳಿದ ಮೇಲೆ ಮತ್ತೆ ಶುರು. ಬಂದರಿನಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರು. ಲೈಫ್ ಜಾಕೆಟ್ ಬಿಗಿದು ಕೂರಿಸಿದರು. ದಡ ಬಿಟ್ಟು ದೊಡ್ಡ ಅಲೆ ಸಿಕ್ಕಾಗ ನನ್ನ ಹೊಟ್ಟೆಯೊಳಗೆ ಏನೋ ಮೇಲೆದ್ದು ಕೂತ ಹಾಗಾಯಿತು. “ಕೆಳಗೆ ನೋಡಬೇಡಿ ಅಮ್ಮ, ದೂರ ಆಕಾಶ ಮುಟ್ಟುವಲ್ಲಿ ನೋಡಿ,” ಎಂದ ದೋಣಿಯ ಹುಡುಗ. ಬಾಯಲ್ಲಿ ಒಂದು ಚೂರು ಶುಂಠಿ ಇಟ್ಟುಕೊಂಡು ಹಾಗೇ ನೋಡುತ್ತಾ ಕೂತೆ. ಹೊಟ್ಟೆ ಮೆಲ್ಲಗೆ ಜಾಗಕ್ಕೆ ಬಂತು.

ದ್ವೀಪ ಕಂಡು ಪುಟ್ಟಿ ಕೂಗಿದಳು. ಕರಿಕಲ್ಲಿನ ಕಂಬಗಳು, ಯಾರೋ ಕೆತ್ತಿ ಒತ್ತಾಗಿ ನಿಲ್ಲಿಸಿದಂತೆ. ಐದು ಮೂಲೆ, ಆರು ಮೂಲೆ. ಯಾರೂ ಕೆತ್ತಿದ್ದಲ್ಲ. ಸುಮಾರು 9 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಹರಿದ ಶಿಲಾರಸ ತಣ್ಣಗಾಗುತ್ತಾ ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿಯುವಂತೆ ಬಿರಿದು, ಹೀಗೆ ಕಂಬಗಳಾದವು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. 1498ರಲ್ಲಿ ವಾಸ್ಕೋ ಡ ಗಾಮಾ ಇಲ್ಲಿಗೆ ಬಂದು ಮೇರಿಯ ಹೆಸರಿಟ್ಟ ಎಂಬ ಪ್ರತೀತಿ ಇದೆ. ಒಬ್ಬ ಪೂರ್ವಕ್ಕೆ, ಒಬ್ಬ ಪಶ್ಚಿಮಕ್ಕೆ. ಆರು ವರ್ಷದ ಅಂತರದಲ್ಲಿ ಇಬ್ಬರೂ ಹುಡುಕಿ ಹೊರಟದ್ದು ನಮ್ಮ ಕಡೆಯ ಮೆಣಸು, ಮಸಾಲೆಯನ್ನು.

ಮನೆಯವರು ಕಲ್ಲು ನೋಡಲಿಲ್ಲ. ದೋಣಿಯ ಹಿರಿಯರೊಬ್ಬರ ಹತ್ತಿರ ಕೂತು ಗಾಳಿಯ ವಿಚಾರ ಮಾತಾಡುತ್ತಿದ್ದರು. ಯಾವ ತಿಂಗಳು ಯಾವ ಕಡೆಯ ಗಾಳಿ, ಮೋಡ ಹೇಗಿದ್ದರೆ ದೋಣಿ ಇಳಿಸುವುದಿಲ್ಲ, ಎಲ್ಲ ಕೇಳಿಕೊಂಡರು. ಹೂಮಳೆ ಬರುವ ಮೊದಲು ಆಕಾಶ ಹೇಗಿರುತ್ತದೆಂದು ತಾವೂ ಹೇಳಿದರು. ತೋಟದವರ ಮಾತೂ ಕಡಲಿನವರ ಮಾತೂ ಒಂದೇ ಥರ ಇತ್ತು. ವಾಪಸು ಬರುವಾಗ ಕಟಕಟೆ ಹಿಡಿದಿದ್ದ ಕೈಯನ್ನು ಅವರು ತಾವಾಗಿಯೇ ಬಿಟ್ಟರು.

ಮನೆಗೆ ಬಂದ ಮೇಲೆ ಪುಟ್ಟಿ ಇನ್ನೊಂದು ಸಂಗತಿ ಓದಿ ಹೇಳಿದಳು. ಬಾಬಾ ಬುಡನ್ ಯೆಮನ್‌ನಿಂದ ಏಳು ಬೀಜ ತಂದು ನಮ್ಮ ಗಿರಿಯಲ್ಲಿ ಬಿತ್ತಿದರು ಎನ್ನುವುದು ನಮಗೆಲ್ಲ ಗೊತ್ತು. ಆದರೆ ಕೆರಿಬಿಯನ್ನಿಗೆ ಕಾಫಿ ಹೋದದ್ದು ಹೇಗೆ? ಡಚ್ಚರು 1690ರ ದಶಕದಲ್ಲಿ ಮಲಬಾರ್ ಕರಾವಳಿಯಿಂದ ಕಾಫಿ ಗಿಡಗಳನ್ನು ಜಾವಾ ದ್ವೀಪಕ್ಕೆ ಒಯ್ದರು. ಅಲ್ಲಿಂದ ಗಿಡ ಆಮ್‌ಸ್ಟರ್‌ಡ್ಯಾಮ್‌ಗೆ ಹೋಯಿತು. ಅಲ್ಲಿಂದ ಒಂದು ಗಿಡ 1714ರಲ್ಲಿ ಫ್ರಾನ್ಸಿನ ದೊರೆ ಹದಿನಾಲ್ಕನೆಯ ಲೂಯಿಗೆ ಕಾಣಿಕೆಯಾಯಿತು. 1720ರ ದಶಕದಲ್ಲಿ ಡಿ ಕ್ಲ್ಯೂ ಎಂಬ ಫ್ರೆಂಚ್ ಅಧಿಕಾರಿ ಪ್ಯಾರಿಸ್ಸಿನ ಆ ತೋಟದ ಸಸಿಯೊಂದನ್ನು ಹಡಗಿನಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. ದಾರಿಯಲ್ಲಿ ಕುಡಿಯುವ ನೀರಿಗೆ ಬರ ಬಂದಾಗ ತನ್ನ ಪಾಲಿನ ನೀರಿನಲ್ಲೇ ಸಸಿಗೂ ಹಾಕಿದೆನೆಂದು ಅವನೇ ಬರೆದಿಟ್ಟಿದ್ದಾನೆ.

“ಹಾಗಾದರೆ ನಮ್ಮ ಕಡೆಯ ಗಿಡ ನಮಗಿಂತ ಮುಂಚೆ ಅಲ್ಲಿಗೆ ಹೋಗಿದೆ,” ಎಂದರು ಅಜ್ಜ. ಸ್ವಲ್ಪ ಹೊತ್ತು ಬಿಟ್ಟು, “ಸಸಿಗೆ ನೀರು ಕೊಟ್ಟವನ ಕಡಲನ್ನು ನೋಡಬೇಕು ಕಣೇ,” ಎಂದರು. ಅವರು ‘ಬೇಡ’ವನ್ನು ವಾಪಸು ತೆಗೆದುಕೊಂಡದ್ದು ಹೀಗೆ.

ಆ ರಾತ್ರಿ ಮಗನಿಗೆ ಫೋನು ಮಾಡಿ ಒಂದು ಕರಾರು ಹಾಕಿದೆವು. ಏಪ್ರಿಲ್‌ನ ದೋಣಿಗೆ ನಾವು ಬರುವುದು ವೈದ್ಯರು ಹೂಂ ಎಂದರೆ. ಆದರೆ ಡಿಸೆಂಬರ್ ರಜೆಗೆ ಅವರು ಇಲ್ಲಿಗೆ ಬರಬೇಕು, ಇಂಬಳವಿಲ್ಲದ ಊರನ್ನು ಮಕ್ಕಳು ನೋಡಬೇಕು. ಕೊಯ್ಲಿನ ಗಡಿಬಿಡಿಯಲ್ಲೇ ಬರಲಿ. ಬುಟ್ಟಿ ಕಟ್ಟಿಕೊಂಡು ಹಣ್ಣು ಬಿಡಿಸಲಿ, ಕಣದಲ್ಲಿ ಕಾಫಿ ಹರಡಲಿ. ತೋಟದ ಕೆಲಸದಲ್ಲೂ ಯಾರೂ ಎದ್ದು ಹೋಗುವಂತಿಲ್ಲ. ಮಗ ಒಂದು ಕ್ಷಣ ಸುಮ್ಮನಿದ್ದು, “ಆಯ್ತಮ್ಮ, ಬರ್ತೀವಿ,” ಎಂದ. ಡಿಸೆಂಬರಿನ ಟಿಕೆಟ್ ಮರುದಿನವೇ ಆಯಿತು.

ಓದುವ ಮಕ್ಕಳಿಗೆ ಒಂದು ಮಾತು. ಪ್ರವಾಸಕ್ಕೆ ಹಣ ಕೂಡಿಸುವ ಮುಂಚೆ ಹನ್ನೆರಡು ಮನೆಯ ಇಂಥ ಪಟ್ಟಿ ಬರೆದು ನೋಡಿ. ನಿಮ್ಮ ಶಾಲೆಯ ಸಾಲು, ಅಪ್ಪ ಅಮ್ಮನ ಕೆಲಸದ ಸಾಲು, ಹೋಗುವ ಜಾಗದ ಮಳೆಗಾಳಿಯ ಸಾಲು. ಅಜ್ಜ ಅಜ್ಜಿಯರ ಆರೋಗ್ಯಕ್ಕೂ ಒಂದು ಸಾಲು ಇರಲಿ. ಹಸಿರು ಎಲ್ಲಿ ಸೇರುತ್ತದೆಂದು ನೋಡಿ, ಆ ವಾರವನ್ನು ಬೇರೆ ಯಾವುದಕ್ಕೂ ಬಿಟ್ಟುಕೊಡಬೇಡಿ.

ಪುಟ್ಟಿ ಏಪ್ರಿಲ್‌ನ ಆ ವಾರದ ಸುತ್ತ ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿದ್ದಾಳೆ. ಪೆನ್ನಿನಲ್ಲಿ ಎಳೆಯಲು ಅಜ್ಜ ಬಿಡಲಿಲ್ಲ. ಜನವರಿಯಲ್ಲಿ ಡಾಕ್ಟರು ನೋಡಲಿ, ಆಮೇಲೆ ತಿದ್ದಿದರಾಯಿತು ಎಂದಿದ್ದಾರೆ.